ಸದ್ದು ಕೇಳಿಸುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ: ಇದು ನಾಟಕವೇ?

ಮೈಸೂರಿನ ಕೆಸರೆಯ ಓದುಗರೊಬ್ಬರು ನಮಗೆ ವಾಟ್ಸಾಪ್ ಫಾರ್ವರ್ಡ್ ಒಂದನ್ನು ಕಳುಹಿಸಿದ್ದಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರೆ ಎಂಥ ಕಿವುಡೂ ವಾಸಿಯಾಗುತ್ತದೆ ಎಂಬುದು ಅದರ ಸಾರ. ಜೊತೆಗೆ ಅವರದೊಂದು ಪ್ರಶ್ನೆ: "ನಮ್ಮಜ್ಜಿಗೆ ಬಸ್ಸಿನ ಹಾರ್ನ್, ಬಾಗಿಲು ಬಡಿದ ಸದ್ದು ಎಲ್ಲಾ ಕೇಳಿಸುತ್ತೆ. ಮಾತಾಡಿಸಿದ್ರೆ ಮಾತ್ರ ಏನೇನೋ ಉತ್ತರ ಕೊಡ್ತಾರೆ. ಬೇಕಾದ್ದು ಮಾತ್ರ ಕೇಳಿಸುತ್ತೆ ಅಂತ ಮನೆಯಲ್ಲಿ ಎಲ್ಲರೂ ನಗ್ತಾರೆ. ನಿಜಾನಾ?"

ಪರೀಕ್ಷೆ ಮಾಡಿಸದೆ ಅಜ್ಜಿಯ ಕಿವಿಯ ಬಗ್ಗೆ ನಾವು ತೀರ್ಪು ಕೊಡಲಾರೆವು. ಆದರೆ ಇದು ಒಳಗಿವಿಗೆ ಹಾನಿಯಾದವರಲ್ಲಿ ಕಾಣುವ ಸಾಮಾನ್ಯ ಲಕ್ಷಣ, ನಾಟಕವಲ್ಲ.

ಒಳಗಿವಿಯಲ್ಲಿ ಏನಾಗುತ್ತದೆ?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರಲ್ಲಿ ಹುಟ್ಟುವಾಗಲೇ ಬರುವ ಸುಮಾರು 15,000 ರೋಮಕೋಶಗಳು ಸದ್ದನ್ನು ನರಕ್ಕೆ ತಲುಪಿಸುತ್ತವೆ. ಬುಡದ ಕೋಶಗಳು ಕೀರಲು ಸದ್ದನ್ನೂ ತುದಿಯವು ದಪ್ಪ ಸದ್ದನ್ನೂ ಗ್ರಹಿಸುತ್ತವೆ. ವಯಸ್ಸು, ಸತತ ಗದ್ದಲ, ಕೆಲವು ಔಷಧಗಳಿಂದ ಸಾಮಾನ್ಯವಾಗಿ ಮೊದಲು ಹಾಳಾಗುವುದು ಬುಡದ ಕಡೆಯವು. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಅ, ಆ, ಓ ಮುಂತಾದ ಸ್ವರಗಳ ಸದ್ದು ಬಲವಾಗಿರುತ್ತದೆ, ಹೆಚ್ಚಾಗಿ ದಪ್ಪಗಿರುತ್ತದೆ. ಸ, ತ, ಕ ಮುಂತಾದ ವ್ಯಂಜನಗಳನ್ನು ಗುರುತಿಸಲು ಅವುಗಳ ಮೆಲುವಾದ ಕೀರಲು ಅಂಶ ಬೇಕು. ಅದು ತಪ್ಪಿದರೆ 'ತಟ್ಟೆ', 'ಕಟ್ಟೆ', 'ಪಟ್ಟೆ' ಎಲ್ಲವೂ ಒಂದೇ ಥರ ಕೇಳಿಸುತ್ತವೆ. ತಟ್ಟೆ ಕೊಡಿ ಎಂದರೆ "ಯಾವ ಕಟ್ಟೆ?" ಎಂಬ ಉತ್ತರ ಬರುವುದು ಹೀಗೆ. ಟೀವಿ, ಮಿಕ್ಸಿ ಓಡುತ್ತಿದ್ದರೆ ಇನ್ನೂ ಕಷ್ಟ. ಹಾನಿಗೊಂಡ ಒಳಗಿವಿ ಮಾತನ್ನೂ ಗದ್ದಲವನ್ನೂ ಬೇರ್ಪಡಿಸಲಾರದು.

ಕಿರುಚಿದರೆ ಸಾಕೇ?

ಸಾಲದು. ಕಿರುಚಿದಾಗ ಸ್ವರಗಳು ಜೋರಾಗುವಷ್ಟು ವ್ಯಂಜನಗಳು ಜೋರಾಗುವುದಿಲ್ಲ. ಇಂಥವರಿಗೆ ಮೆಲುಸದ್ದು ಕೇಳಿಸದಿದ್ದರೂ ದೊಡ್ಡ ಸದ್ದು ಇತರರಷ್ಟೇ ಜೋರಾಗಿ ಬಡಿಯುತ್ತದೆ. "ಏನಂದೆ?" ಎಂದವರೇ ಮರುಕ್ಷಣ "ಯಾಕೆ ಕಿರುಚ್ತೀಯ?" ಎಂದು ರೇಗುವುದಕ್ಕೆ ಕಾರಣ ಇದು.

ಬೆಳ್ಳುಳ್ಳಿ ಎಣ್ಣೆ?

ಕಿವಿತಮಟೆ ಸರಿಯಿದ್ದರೆ ಎಣ್ಣೆ ಅದನ್ನು ದಾಟಿ ಒಳಗಿವಿಗೆ ಹೋಗುವುದೇ ಇಲ್ಲ. ತಮಟೆಯಲ್ಲಿ ತೂತಿದ್ದರೆ ಸೋಂಕು ತಗುಲಬಹುದು, ಬಿಸಿಯಿದ್ದರೆ ಸುಡುತ್ತದೆ. ಗುಗ್ಗೆ ಕಟ್ಟಿಯೂ ಕಿವಿ ಮಂದವಾಗುತ್ತದೆ, ಆದರೆ ಅದನ್ನು ವೈದ್ಯರಿಂದಲೇ ತೆಗೆಸಿ.

ಏನು ಮಾಡಬೇಕು?

ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನವರಿಗೆ ಊರಿನಲ್ಲೇ, ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬರೀ 'ಬೀಪ್' ಸದ್ದಲ್ಲದೆ ಪದಗಳನ್ನು ಕೇಳಿಸಿ, ಎಷ್ಟು ಸರಿಯಾಗಿ ತಿಳಿಯುತ್ತದೆ ಎಂದೂ ಅಳೆಯುತ್ತಾರೆ. ಇದಕ್ಕೆ ಕನ್ನಡದ್ದೇ ಪದಪಟ್ಟಿಗಳನ್ನು ಆ ಸಂಸ್ಥೆ ರೂಪಿಸಿದೆ. ಶ್ರವಣ ಸಾಧನ ಹಲವರಿಗೆ ನೆರವಾಗುತ್ತದೆ, ಆದರೆ ಅದು ಹಳೆಯ ಕಿವಿಯನ್ನು ಮರಳಿಸದು. ಹೊಂದಿಕೊಳ್ಳಲು ಕೆಲವು ವಾರಗಳು ಬೇಕು.

ಮನೆಯವರು ಟೀವಿ ಆರಿಸಿ, ಹತ್ತಿರ ಹೋಗಿ, ಮುಖ ಕಾಣುವಂತೆ ನಿಂತು ನಿಧಾನವಾಗಿ ಮಾತಾಡಿ. ತಿಳಿಯದಿದ್ದರೆ ಅದನ್ನೇ ಕೂಗದೆ ಬೇರೆ ಪದಗಳಲ್ಲಿ ಹೇಳಿ.

ನೆನಪಿಡಿ: ಒಂದು ಕಿವಿ ಒಮ್ಮೆಲೇ ಕೇಳಿಸದಂತಾದರೆ ಅದು ತುರ್ತು. ಮನೆಮದ್ದಿಗೆ ಕಾಯದೆ ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ. ತಡವಾದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಕಡಿಮೆ.

ನಮ್ಮ ತೀರ್ಮಾನ: ಎಣ್ಣೆಯಿಂದ ಕಿವುಡು ವಾಸಿ ಎಂಬುದು ಸುಳ್ಳು. "ಬೇಕಾದ್ದು ಮಾತ್ರ ಕೇಳಿಸುತ್ತೆ" ಎಂಬ ನಗು ಹಿರಿಯರನ್ನು ಮಾತಿನಿಂದಲೇ ದೂರ ಮಾಡುತ್ತದೆ. ಆ ಫಾರ್ವರ್ಡ್ ಬಂದ ಗ್ರೂಪಿಗೇ ಇದನ್ನೂ ಕಳುಹಿಸಿ.