ಇಂಡಿಕಾ ಎಂಬ ಹಣೆಪಟ್ಟಿ

ಕೆನಡಾದಲ್ಲೋ ಅಮೆರಿಕದ ಕೊಲರಾಡೊದಲ್ಲೋ ಪರವಾನಗಿ ಇರುವ ಗಾಂಜಾ ಅಂಗಡಿಗೆ ಹೋದವರು ಮೊದಲು ಕೇಳಿಸಿಕೊಳ್ಳುವುದು ಸರಕು ಇಂಡಿಕಾ ಪ್ರಧಾನವೋ ಸಟೈವಾ ಪ್ರಧಾನವೋ ಎಂಬ ಮಾತನ್ನು. ಇಂಡಿಕಾ ಆದರೆ ಮೈ ಸಡಿಲಾಗಿ ನಿದ್ದೆ ಹತ್ತುತ್ತದೆ, ಸಟೈವಾ ಆದರೆ ಮನಸ್ಸು ಚುರುಕಾಗುತ್ತದೆ ಎನ್ನುತ್ತಾರೆ ಮಾರುವವರು. ಇದನ್ನೇ ನಂಬಿ ಆರಿಸಿಕೊಳ್ಳುವ ರೋಗಿಗಳೂ ಇದ್ದಾರೆ. ಹಾಗಾಗಿ ಈ ವಿಂಗಡಣೆ ಎಲ್ಲಿಂದ ಬಂತು ಎಂದು ಕೆದಕಿ ನೋಡುವುದು ಅಗತ್ಯ. ಗಿಡದ ಮೈಕಟ್ಟಿನ ಬಗ್ಗೆ ಅದು ಹೇಳುವುದರಲ್ಲಿ ಹುರುಳಿದೆ. ಅಮಲಿನ ಬಗ್ಗೆ ಹೇಳುವುದಕ್ಕೆ ಆಧಾರ ಸಾಲದು ಎಂಬುದು ನನ್ನ ಅಭಿಪ್ರಾಯ.

1753ರಲ್ಲಿ ಲಿನೇಯಸ್ ಈ ಗಿಡವನ್ನು ಕ್ಯಾನಬಿಸ್ ಸಟೈವಾ ಎಂದು ಕರೆದಾಗ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಯುರೋಪಿನ ಹೊಲಗಳಲ್ಲಿ ನಾರಿಗಾಗಿ ಬೆಳೆಯುತ್ತಿದ್ದ ಬೆಳೆ. ಭಾರತದಿಂದ ಬಂದ ಮಾದರಿಗಳನ್ನು ಪರೀಕ್ಷಿಸಿದ ಫ್ರಾನ್ಸಿನ ಲಾಮಾರ್ಕ್, 1785ರಲ್ಲಿ ಇದು ಬೇರೆಯದೇ ಪ್ರಭೇದವೆಂದು ವಾದಿಸಿ ಕ್ಯಾನಬಿಸ್ ಇಂಡಿಕಾ ಎಂದು ಹೆಸರಿಸಿದರು. ಅವರ ವಿವರಣೆಯನ್ನು ಗಮನಿಸಬೇಕು: ಕಾಂಡ ಗಟ್ಟಿ, ತೊಗಟೆ ತೆಳು, ನಾರಿಗೆ ಬಾರದು, ಎಲೆಗಳು ಬಹಳ ಕಿರಿದು, ತಲೆಗೇರುವ ಗುಣ. ಇಂದು ಅಂಗಡಿಯವರು ಇಂಡಿಕಾ ಎನ್ನುವುದು ಅಗಲ ಎಲೆಯ ಗಿಡವನ್ನು. ಲಾಮಾರ್ಕ್ ಬಣ್ಣಿಸಿದಂಥ ಕಿರಿದೆಲೆಯ ಭಾರತೀಯ ಗಿಡ ಅವರ ಲೆಕ್ಕದಲ್ಲಿ ಸಟೈವಾ!

ಈ ಅದಲುಬದಲಿಗೆ ಕಾರಣ ಅಫ್ಘಾನಿಸ್ತಾನ. 1920ರ ದಶಕದಲ್ಲಿ ರಷ್ಯದ ಸಸ್ಯವಿಜ್ಞಾನಿ ವಾವಿಲೋವ್ ಅಲ್ಲಿ ಬೀಜ ಸಂಗ್ರಹಿಸಿದರು. 1970ರ ದಶಕದಲ್ಲಿ ಹಾರ್ವರ್ಡಿನ ಸಸ್ಯವಿಜ್ಞಾನಿ ರಿಚರ್ಡ್ ಶುಲ್ಟ್ಸ್ ಅಲ್ಲಿಗೆ ಹೋಗಿಬಂದು, ಅಲ್ಲಿನ ಗಿಡಗಳನ್ನು ಇಂಡಿಕಾ ಎಂದು ಗುರುತಿಸಿದರು. ಕುಳ್ಳಗೆ, ಪೊದೆಯಂತೆ ಹರಡಿಕೊಳ್ಳುವ ಗಿಡ, ಒಂದರ ಮೇಲೊಂದು ಹೊದೆಯುವಷ್ಟು ಅಗಲವಾದ ಕಡುಹಸಿರು ಎಲೆ, ಒತ್ತೊತ್ತಾದ ಹೂತೆನೆ, ಮುಟ್ಟಿದರೆ ಕೈಗೆ ಹತ್ತುವ ಅಂಟು. ಹಿಂದೂಕುಷ್ ಸೀಮೆಯ ಬೇಸಿಗೆ ಚಿಕ್ಕದು, ಗಾಳಿ ಒಣ. ಚಳಿ ಬರುವುದರೊಳಗೆ ಬೇಗ ಹಣ್ಣಾಗುವ ಗಿಡವೇ ಅಲ್ಲಿ ಉಳಿಯುತ್ತದೆ. ಅಲ್ಲಿನ ರೈತರು ಒಣಗಿದ ತೆನೆಯನ್ನು ಜರಡಿ ಹಿಡಿದು ಚರಸ್ ಮಾಡುತ್ತಾರೆ. ಅಂಟು ಹೆಚ್ಚಿರುವ ಗಿಡದ ಬೀಜವನ್ನೇ ತಲೆಮಾರುಗಳಿಂದ ಉಳಿಸಿಕೊಂಡು ಬಂದದ್ದರ ಫಲ ಆ ಅಂಟು. ಇದೇ ಗಿಡವನ್ನು ಮಳೆ ಸುರಿಯುವ ಮಲೆನಾಡಿನಂಥ ಹವೆಗೆ ತಂದರೆ ಒತ್ತಾದ ತೆನೆಯೊಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ.

1970ರ ದಶಕದಲ್ಲೇ ಅಫ್ಘನ್ ಬೀಜಗಳು ಕ್ಯಾಲಿಫೋರ್ನಿಯಾ ಸೇರಿ, ಮುಂದೆ ನೆದರ್ಲೆಂಡ್ಸಿಗೂ ಹೋದವು. ಅಫ್ಘನ್, ಮೆಕ್ಸಿಕೊ, ಕೊಲಂಬಿಯಾದ ಗಿಡಗಳ ಮಿಶ್ರಣದಿಂದ ಸ್ಕಂಕ್ ನಂಬರ್ 1 ಎಂಬ ತಳಿ ಹುಟ್ಟಿತು. ಆಮೇಲೆ ಮಿಶ್ರಣದ ಮೇಲೆ ಮಿಶ್ರಣ. 'ಇಂಡಿಕಾ ಪ್ರಧಾನ' ಎಂಬ ಮಾತು ಚಾಲ್ತಿಗೆ ಬಂದದ್ದು ಈ ಬೆರಕೆಯ ಲೋಕದಲ್ಲಿ. ಶುದ್ಧ ಅಫ್ಘನ್ ಗಿಡ ಅಲ್ಲಿ ಅಪರೂಪವಾಗುತ್ತ ಹೋಯಿತು.

ಇತ್ತ ರಸಾಯನಶಾಸ್ತ್ರ ತನ್ನದೇ ದಾರಿ ಹಿಡಿದಿತ್ತು. ಇಸ್ರೇಲಿನ ಮೆಶೂಲಂ ಮತ್ತು ಗವೋನಿ, ಪೊಲೀಸರಿಂದ ಪಡೆದ ಹಶೀಶಿನಿಂದ ಅಮಲಿನ ಮೂಲವಾದ ಟಿಎಚ್‌ಸಿಯನ್ನು 1964ರಲ್ಲಿ ಬೇರ್ಪಡಿಸಿದರು. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್, ಇದು ಒಂದೇ ಪ್ರಭೇದ, ಒಳಗೆ ಎರಡು ಉಪಪ್ರಭೇದ ಎಂದು ಹೇಳಿ, ನಡುವೆ ಶೇ 0.3 ಟಿಎಚ್‌ಸಿಯ ಗೆರೆ ಎಳೆದರು. ಸಸ್ಯಶಾಸ್ತ್ರಜ್ಞರು ಅನುಕೂಲಕ್ಕೆಂದು ಎಳೆದ ಆ ಗೆರೆಯೇ ಮುಂದೆ ಅಮೆರಿಕದ ಕಾನೂನಿಗೂ ನಮ್ಮ ಉತ್ತರಾಖಂಡದ ನಾರುಗಾಂಜಾ ಪರವಾನಗಿಗೂ ಅಳತೆಗೋಲಾಯಿತು.

2011ರಲ್ಲಿ ಕೆನಡಾದ ವಿಜ್ಞಾನಿಗಳು ಪರ್ಪಲ್ ಕುಷ್ ಎಂಬ ತಳಿಯ ಜೀನೋಮ್ ಕರಡನ್ನು ಪ್ರಕಟಿಸಿದ ಮೇಲೆ ಹಣೆಪಟ್ಟಿಗಳನ್ನೇ ಪರೀಕ್ಷೆಗೆ ಒಡ್ಡಲು ದಾರಿಯಾಯಿತು. 81 ಗಾಂಜಾ ಮಾದರಿಗಳನ್ನು ನಾರುಗಾಂಜಾದ 43 ಮಾದರಿಗಳೊಂದಿಗೆ ಹೋಲಿಸಿ ನೋಡಿದ 2015ರ ಅಧ್ಯಯನದಲ್ಲಿ, ಬೆಳೆಗಾರರು ಹೇಳುವ ಇಂಡಿಕಾ–ಸಟೈವಾ ಪಾಲಿಗೂ ವಂಶವಾಹಿ ಹೇಳುವುದಕ್ಕೂ ಅಷ್ಟಕ್ಕಷ್ಟೇ ಹೊಂದಿಕೆ ಕಂಡಿತು. ನೆದರ್ಲೆಂಡ್ಸಿನ ಮಾದರಿಗಳ ಮೇಲೆ 2021ರಲ್ಲಿ ನಡೆದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಒಟ್ಟು ವಂಶವಾಹಿ ನೋಡಿದರೆ ಎರಡು ಗುಂಪುಗಳು ಬೇರೆಯಾಗಲಿಲ್ಲ. ಆದರೆ ಇಂಡಿಕಾ ಎನ್ನಿಸಿಕೊಂಡವುಗಳಲ್ಲಿ ಮಿರ್ಸೀನ್ ಮೊದಲಾದ ಕೆಲವೇ ಟರ್ಪೀನುಗಳು ಹೆಚ್ಚಿದ್ದವು. ಮಿರ್ಸೀನ್ ಮಾವಿನಲ್ಲೂ ಮಜ್ಜಿಗೆಹುಲ್ಲಿನಲ್ಲೂ ಇರುವ ಪರಿಮಳದ ವಸ್ತು. ಅಂದರೆ ಬೆಳೆಗಾರರು ವಂಶಕ್ಕಿಂತ ವಾಸನೆಯನ್ನು ನೋಡಿ ಹೆಸರಿಟ್ಟಿರುವ ಸಾಧ್ಯತೆಯೇ ಹೆಚ್ಚು.

ಮಾದಕವಸ್ತುಗಳ ಕುರಿತ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಇಂಡಿಕಾ–ಸಟೈವಾ ಜಗಳಕ್ಕೆ ಹೋಗುವುದೇ ಇಲ್ಲ. ಅದು ನೋಡುವುದು ಗಿಡದ ಭಾಗವನ್ನು: ಅಂಟು ಚರಸ್, ಹೂತೆನೆ ಗಾಂಜಾ, ತೆನೆ ಜೊತೆಗಿಲ್ಲದ ಸೊಪ್ಪು, ಬೀಜ ಆ ವ್ಯಾಖ್ಯೆಯ ಹೊರಗೆ. 2022ರಲ್ಲಿ ಭಂಗಿ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ನೀಡಿದ್ದೂ ಈ ವ್ಯತ್ಯಾಸವನ್ನು ಗಮನಿಸಿಯೇ. ಕೆನಡಾದಲ್ಲಿ ಪೊಟ್ಟಣದ ಮೇಲೆ ಟಿಎಚ್‌ಸಿ, ಗಿಡದ ಇನ್ನೊಂದು ಘಟಕವಾದ ಸಿಬಿಡಿ ಪ್ರಮಾಣ ನಮೂದಿಸುವುದು ಕಡ್ಡಾಯ. ನಿದ್ದೆಗಾಗಿ ಅಂಗಡಿಗೆ ಬರುವ ರೋಗಿ ಮೊದಲು ಓದಬೇಕಾದದ್ದು ಆ ಎರಡು ಅಂಕಿಗಳನ್ನು.