ನೆಸ್‌ಸ್ಟಾಲ್ಜಿಯಾ
ನಿರ್ಮಾಣ: ಆರ್ಲೆನ್ ನೆಸ್, ಕ್ಯಾಲಿಫೋರ್ನಿಯಾ, ಅಮೆರಿಕ, 1995

ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಬೈಕು ಇದಲ್ಲ. ಒಂದೇ ಒಂದು ಎಂಬಂತೆ ಕಟ್ಟಿದ ಕಸ್ಟಮ್ ಮೋಟಾರ್‌ಸೈಕಲ್. ಹಾರ್ಲೆ ಮಾದರಿಯ ವಿ-ಟ್ವಿನ್ ಎಂಜಿನ್ನಿನ ಸುತ್ತ ಲೋಹದ ತಗಡನ್ನು ಬಾಗಿಸಿ ಇದರ ಮೈಯನ್ನು ರೂಪಿಸಲಾಗಿದೆ. ದೂರದ ಪ್ರಯಾಣಕ್ಕಿಂತ ಪ್ರದರ್ಶನಕ್ಕೆಂದೇ ಹುಟ್ಟಿದ್ದು.

ಬೈಕಿನ ಹಿಂಬದಿಗೆ ಬಂದು ನೋಡಿ. ಎರಡೂ ಕಡೆ ಮೇಲೆದ್ದಿರುವ ರೆಕ್ಕೆಗಳು 1957ರ ಷೆವರ್ಲೆ ಕಾರಿನಿಂದ ಬಂದ ಕಲ್ಪನೆ.

ಆರ್ಲೆನ್ ನೆಸ್ 1963ರಲ್ಲಿ ಬೌಲಿಂಗ್ ಪಂದ್ಯಗಳಲ್ಲಿ ಗೆದ್ದ ಹಣದಿಂದ ಹಳೆಯ ಹಾರ್ಲೆ-ಡೇವಿಡ್‌ಸನ್ ಕೊಂಡರು. ಮನೆಯ ಗ್ಯಾರೇಜಿನಲ್ಲೇ ಅದಕ್ಕೆ ಹೊಸ ರೂಪ, ಹೊಸ ಬಣ್ಣ ಕೊಟ್ಟರು. ನೋಡಿದವರು ತಮ್ಮ ಬೈಕುಗಳನ್ನೂ ತಂದೊಪ್ಪಿಸಿದರು. ಮುಂದೆ ಸ್ಯಾನ್ ಲಿಯಾಂಡ್ರೊದಲ್ಲಿ ಅಂಗಡಿ ತೆರೆದರು. ಇಡೀ ಬೈಕು ಕಟ್ಟಿಸಲು ಎಲ್ಲರಿಗೂ ಆಗುವುದಿಲ್ಲ. ಆದರೆ ಹ್ಯಾಂಡಲ್, ಮಡ್‌ಗಾರ್ಡ್, ಕನ್ನಡಿಯಂಥ ಬಿಡಿಭಾಗಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ವ್ಯಾಪಾರ ಬೆಳೆದದ್ದು ಈ ಬಿಡಿಭಾಗಗಳಿಂದ. ಉದ್ದವಾಗಿ, ನೆಲಕ್ಕೆ ತಗ್ಗಿದಂತಿರುವ ‘ಡಿಗ್ಗರ್’ ಶೈಲಿ ಜನಪ್ರಿಯವಾದದ್ದರಲ್ಲೂ ಅವರ ಪಾಲು ದೊಡ್ಡದು.

ಮಗ ಕೋರಿ ನೆಸ್ ತಂದೆಯ ಜೊತೆಗೆ ದುಡಿದು ವ್ಯವಹಾರ ವಿಸ್ತರಿಸಿದರು. ಮೊಮ್ಮಗ ಝ್ಯಾಕ್ ಕೂಡ ಬೈಕು ಕಟ್ಟುವ ಕೆಲಸಕ್ಕೇ ಬಂದರು. ಕ್ಯಾಲಿಫೋರ್ನಿಯಾದ ಡಬ್ಲಿನ್ ಪಟ್ಟಣದ ದೊಡ್ಡ ಕಟ್ಟಡಕ್ಕೆ ಅಂಗಡಿ ಸ್ಥಳಾಂತರವಾದಾಗ ಆರ್ಲೆನ್ ಕಟ್ಟಿದ ಬೈಕುಗಳಿಗೆ ಅಲ್ಲಿಯೇ ಒಂದು ಸಂಗ್ರಹಾಲಯವೂ ಆಯಿತು. ವಿಕ್ಟರಿ ಮೋಟಾರ್‌ಸೈಕಲ್ ಕಂಪನಿ ಈ ಮನೆತನದ ವಿನ್ಯಾಸ ಮತ್ತು ಹೆಸರಿನಲ್ಲಿ ವಿಶೇಷ ಬೈಕುಗಳನ್ನು ಮಾರುಕಟ್ಟೆಗೆ ತಂದಿತು. ಆರ್ಲೆನ್ 2019ರಲ್ಲಿ ತೀರಿಕೊಂಡರು.

ಬಣ್ಣಕ್ಕೆ ಬೆರಳ ಗುರುತು ಬೇಗ ಹತ್ತುತ್ತದೆ. ದಯವಿಟ್ಟು ಮುಟ್ಟದೆ ನೋಡಿ.