ಬ್ರೈಟನ್ ಆಸ್ಪತ್ರೆಯ ಎರಡು ನಲ್ಲಿಗಳು

ಮೊದಲ ಮಹಾಯುದ್ಧ ಎಂದೊಡನೆ ನಮ್ಮ ಹೈಸ್ಕೂಲ್ ಮಕ್ಕಳಿಗೆ ನೆನಪಾಗುವುದು ಸರಾಯೆವೊದಲ್ಲಿ ನಡೆದ ಯುವರಾಜನ ಕೊಲೆ, ವರ್ಸೇಲ್ಸ್ ಒಪ್ಪಂದ, ಮತ್ತೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಾಲ್ಕೈದು ಕಾರಣಗಳು. ಆ ಯುದ್ಧಕ್ಕಾಗಿ ಹಿಂದುಸ್ತಾನದಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹಡಗು ಹತ್ತಿದರು, 70,000ಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ಸೇನೆಯಲ್ಲಿದ್ದವರ ಪೈಕಿ ಸುಮಾರು 4 ಲಕ್ಷ ಮಂದಿ ಮುಸಲ್ಮಾನರು. ಇದೆಲ್ಲ ಪಾಠದಲ್ಲಿ ಬಂದರೂ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಬೇರೆ ಬೇರೆ ಧರ್ಮ, ಜಾತಿ, ಭಾಷೆಯವರು ಒಂದೇ ಸೂರಿನಡಿ ಹೇಗೆ ಬಾಳಬೇಕು ಎಂದು ಉಪದೇಶ ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಪಟ್ಟಣದ ಆಸ್ಪತ್ರೆಯೊಂದರ ಕತೆ ಹೇಳಿ ನೋಡಿ. ಯುದ್ಧದ ಶತಮಾನೋತ್ಸವದ ವರ್ಷಗಳಲ್ಲಿ ಅಲ್ಲಿನ ಅನೇಕ ಶಾಲೆಗಳು ಇದನ್ನೇ ಪಾಠವಾಗಿಸಿಕೊಂಡವು. ನಮ್ಮ ಶಾಲೆಗಳಲ್ಲಿ, ಮದ್ರಸಗಳಲ್ಲಿ ಯಾಕೆ ಆಗಬಾರದು?

1914ರ ಚಳಿಗಾಲ. ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಬ್ರೈಟನ್ನಿಗೆ ತರಲಾಯಿತು. ಅಲ್ಲಿ ಹಿಂದಿನ ರಾಜನೊಬ್ಬ ಶೋಕಿಗೆಂದು ಕಟ್ಟಿಸಿದ ರಾಯಲ್ ಪೆವಿಲಿಯನ್ ಎಂಬ ಅರಮನೆ ಇದೆ. ಹೊರಗಿನಿಂದ ನೋಡಿದರೆ ಗುಮ್ಮಟ, ಮಿನಾರಗಳಿರುವ ಮೊಗಲರ ಕಟ್ಟಡದಂತಿದೆ. ಅದನ್ನೂ ಪಕ್ಕದ ಕಟ್ಟಡಗಳನ್ನೂ ಸೇರಿಸಿ 700ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಮಾಡಿದರು. 1916ರ ಆರಂಭದವರೆಗೆ 4,000ಕ್ಕೂ ಹೆಚ್ಚು ಸಿಪಾಯಿಗಳು ಅಲ್ಲಿ ಚಿಕಿತ್ಸೆ ಪಡೆದರು.

ವ್ಯವಸ್ಥೆ ನೋಡಿ. ಒಂಬತ್ತು ಅಡುಗೆಮನೆಗಳು. ಮುಸ್ಲಿಮರಿಗೆ ಹಲಾಲ್ ಮಾಂಸ, ಸಿಖ್ಖರಿಗೆ ಝಟ್ಕಾ. ಕೊಯ್ಯುವವರೂ ಬೇಯಿಸುವವರೂ ಆಯಾ ಸಮುದಾಯದವರೇ. ಫಲಕಗಳು ಉರ್ದು, ಹಿಂದಿ, ಗುರುಮುಖಿ ಲಿಪಿಗಳಲ್ಲಿ. ಸಿಖ್ಖರಿಗೆ ಡೇರೆಯೊಳಗೆ ಗುರುದ್ವಾರ. ಮುಸ್ಲಿಮರಿಗೆ ಕಿಬ್ಲಾದ ಕಡೆ ಮುಖಮಾಡಿ ನಮಾಝ್ ನಿರ್ವಹಿಸಲು ಹುಲ್ಲುಹಾಸಿನ ಒಂದು ಭಾಗ. ಪ್ರತಿ ವಾರ್ಡಿನಲ್ಲಿ ಎರಡು ನೀರಿನ ನಲ್ಲಿಗಳು, ಒಂದು ಹಿಂದೂಗಳಿಗೆ, ಇನ್ನೊಂದು ಮುಸ್ಲಿಮರಿಗೆ.

ಈ ನಲ್ಲಿಯ ಹತ್ತಿರ ಪಾಠವನ್ನು ನಿಲ್ಲಿಸಬೇಕು. ಇದು ಗೌರವವೋ, ಬೇಲಿಯೋ? ಮಕ್ಕಳು ಜಗಳವಾಡಲಿ. ನಮ್ಮ ರೈಲು ನಿಲ್ದಾಣಗಳಲ್ಲೂ ಒಂದು ಕಾಲದಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಕೂಗಿ ಮಾರುತ್ತಿದ್ದರೆಂದು ಅಜ್ಜಂದಿರು ಹೇಳಿದ್ದನ್ನು ಯಾರಾದರೂ ನೆನಪಿಸಿಕೊಂಡಾರು. ಆಸ್ಪತ್ರೆಯ ನಲ್ಲಿ ಯಾರಿಗೂ ನೀರು ನಿರಾಕರಿಸಲಿಲ್ಲ ಎಂದು ಒಬ್ಬ ಹೇಳಿಯಾನು. ಗುಂಡು ಬೀಳುವಾಗ ಒಂದೇ ಕಂದಕದಲ್ಲಿದ್ದವರಿಗೆ ಇಲ್ಲಿ ಎರಡು ನಲ್ಲಿ ಯಾಕೆ ಎಂದು ಇನ್ನೊಬ್ಬಳು ಕೇಳಿಯಾಳು. ಎರಡೂ ಮಾತು ಸರಿ. ಉಸ್ತಾದರು ಅವಸರದಲ್ಲಿ ತೀರ್ಪು ಕೊಡದಿದ್ದರೆ ಒಳ್ಳೆಯದು.

ಬ್ರಿಟಿಷರು ಇಷ್ಟೊಂದು ಕಾಳಜಿ ತೋರಿಸಿದ್ದು ಬರೀ ಪ್ರೀತಿಯಿಂದಲ್ಲ ಎಂಬುದನ್ನೂ ಹೇಳಬೇಕು. ಉಸ್ಮಾನಿ ಖಿಲಾಫತ್ತು ಜರ್ಮನಿಯ ಪಕ್ಷ ಸೇರಿತ್ತು. ಮುಸ್ಲಿಂ ಸಿಪಾಯಿಗಳ ನಿಷ್ಠೆ ಅಲುಗಾಡೀತೆಂಬ ಭಯ ಲಂಡನ್ನಿನಲ್ಲಿತ್ತು. ಅತ್ತ ಬರ್ಲಿನ್ ಬಳಿ ಜರ್ಮನರು ಮುಸ್ಲಿಂ ಯುದ್ಧಕೈದಿಗಳಿಗಾಗಿ ಅರ್ಧಚಂದ್ರ ಶಿಬಿರವೆಂಬುದನ್ನು ತೆರೆದು, 1915ರಲ್ಲಿ ಅದರೊಳಗೆ ಮರದ ಮಸೀದಿಯನ್ನೇ ಕಟ್ಟಿಸಿಕೊಟ್ಟರು. ಜರ್ಮನ್ ನೆಲದಲ್ಲಿ ನಮಾಝಿಗಾಗಿಯೇ ಕಟ್ಟಿದ ಮೊದಲ ಮಸೀದಿ ಅದು. ಎರಡು ಸಾಮ್ರಾಜ್ಯಗಳು ಒಬ್ಬ ಬಡ ಪಠಾಣನ ಮನಸ್ಸಿಗಾಗಿ ಪೈಪೋಟಿ ನಡೆಸಿದ್ದವು ಎನ್ನಬೇಕು. ಮೀರ್ ದಸ್ತ್ ಎಂಬ ಜಮಾದಾರರಿಗೆ 1915ರ ಆಗಸ್ಟ್ 25ರಂದು ಪೆವಿಲಿಯನ್ನಿನ ತೋಟದಲ್ಲಿ ದೊರೆಯೇ ಬಂದು ವಿಕ್ಟೋರಿಯಾ ಕ್ರಾಸ್ ತೊಡಿಸಿದರು. ಅವರ ಸಹೋದರ ಮೀರ್ ಮಸ್ತ್ ಅದೇ ವರ್ಷ ಮಾರ್ಚಿನಲ್ಲಿ ತನ್ನ ಸಂಗಡಿಗರೊಂದಿಗೆ ಜರ್ಮನರ ಕಡೆ ಹೋಗಿಬಿಟ್ಟಿದ್ದರು. ಒಂದೇ ಮನೆಯ ಇಬ್ಬರು.

ಸಿಂಗಾಪುರದಲ್ಲಿ 1915ರ ಫೆಬ್ರವರಿ 15ರಂದು ಮುಸ್ಲಿಂ ಸಿಪಾಯಿಗಳ ಪಡೆಯೊಂದು ದಂಗೆಯೆದ್ದಿತು. ತಮ್ಮನ್ನು ತುರ್ಕರ ವಿರುದ್ಧ ಕಾದಲು ಕಳಿಸುತ್ತಾರೆಂಬ ವದಂತಿ ಅದಕ್ಕೊಂದು ಕಾರಣ. ದಂಗೆ ಅಡಗಿಸಿ 47 ಮಂದಿಯನ್ನು ಗುಂಡಿಕ್ಕಿ ಕೊಂದರು, ಸಾರ್ವಜನಿಕರೆದುರೇ. ಬ್ರೈಟನ್ನಿನ ಹುಲ್ಲುಹಾಸಿನ ನಮಾಝನ್ನು ಹೇಳಿ ಸಿಂಗಾಪುರದ ಗೋಡೆಯನ್ನು ಬಿಟ್ಟರೆ ಮಕ್ಕಳಿಗೆ ಅರ್ಧ ಚರಿತ್ರೆ ಮಾತ್ರ ಕೊಟ್ಟಂತೆ.

ಮೃತರ ವಿಷಯಕ್ಕೆ ಬರೋಣ. ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ 53 ಮಂದಿಯ ದಹನ ಬ್ರೈಟನ್ನಿನ ಹೊರಗಿನ ಗುಡ್ಡದಲ್ಲಿ ನಡೆಯಿತು. ಅಲ್ಲೀಗ ಛತ್ರಿ ಎಂಬ ಅಮೃತಶಿಲೆಯ ಸ್ಮಾರಕವಿದೆ. ಮುಸ್ಲಿಮರ ಮಯ್ಯಿತನ್ನು ವೋಕಿಂಗ್‌ಗೆ ಒಯ್ಯುತ್ತಿದ್ದರು, ಯಾಕೆಂದರೆ ಭೋಪಾಲದ ಶಾಹಜಹಾನ್ ಬೇಗಂ ಅವರ ನೆರವಿನಿಂದ 1889ರಲ್ಲಿ ಕಟ್ಟಿದ ಮಸೀದಿ ಅಲ್ಲಿತ್ತು. ಮಸೀದಿಯ ಸಮೀಪವೇ ಗುಮ್ಮಟದ ಬಾಗಿಲಿರುವ ಪುಟ್ಟ ಖಬರಸ್ತಾನವನ್ನು ಸರಕಾರ ಕಟ್ಟಿಸಿತು. ಮುಂದೆ ಆ ಜಾಗಕ್ಕೆ ಕಿಡಿಗೇಡಿಗಳ ಕಾಟ ಹೆಚ್ಚಾಗಿ 1968ರಲ್ಲಿ ಖಬರುಗಳನ್ನು ಬ್ರೂಕ್‌ವುಡ್‌ನ ಸೈನಿಕ ಸ್ಮಶಾನಕ್ಕೆ ಸ್ಥಳಾಂತರಿಸಬೇಕಾಯಿತು. ಯಾರಿಗಾಗಿ ಪ್ರಾಣ ಕೊಟ್ಟರೋ ಅವರ ಊರಿನಲ್ಲೇ ಸತ್ತ ಮೇಲೂ ನೆಮ್ಮದಿ ಇರಲಿಲ್ಲ. 2015ರಲ್ಲಿ ಆ ಜಾಗ ಶಾಂತಿವನವಾಗಿ ಮತ್ತೆ ತೆರೆಯಿತು.

ಇಲ್ಲಿಗೆ ಮುಗಿಸಿದರೆ ನಮಗೆ ಹಿತವಾದ ಕತೆಯೇ. ಆದರೆ ಬ್ರಾಕೆನ್‌ಹರ್ಸ್ಟ್ ಎಂಬ ಹಳ್ಳಿಯ ಕತೆಯನ್ನು ಬಿಡುವಂತಿಲ್ಲ. ಅಲ್ಲಿಯೂ ಭಾರತೀಯ ಸಿಪಾಯಿಗಳ ಆಸ್ಪತ್ರೆ ಇತ್ತು. ಸುಖಾ ಎಂಬವರು ಅದರಲ್ಲಿ ಜಾಡಮಾಲಿಯಾಗಿದ್ದರು. ಬರೇಲಿ ಕಡೆಯವರು, ಜಾತಿಯಿಂದ ಅಸ್ಪೃಶ್ಯರೆನಿಸಿಕೊಂಡವರು. 1915ರ ಜನವರಿಯಲ್ಲಿ, ಮೂವತ್ತರ ಪ್ರಾಯದಲ್ಲಿ, ತೀರಿಕೊಂಡರು. ಊರಿನವರು ಹೇಳುತ್ತ ಬಂದಿರುವ ಪ್ರಕಾರ, ಮೇಲ್ಜಾತಿಯ ಹಿಂದೂಗಳು ತಮ್ಮ ಚಿತಾಸ್ಥಳದಲ್ಲಿ ಅವರನ್ನು ಸುಡಲು ಒಪ್ಪಲಿಲ್ಲ. ವೋಕಿಂಗ್‌ನಲ್ಲಿ ಕೇಳಿದರೆ, ಮುಸ್ಲಿಮರಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು. ಕೊನೆಗೆ ಹಳ್ಳಿಯ ಚರ್ಚಿನ ಪಾದ್ರಿ ತಮ್ಮ ಅಂಗಳದಲ್ಲಿ ಮಣ್ಣು ಕೊಟ್ಟರು, ಊರವರು ಹಣ ಕೂಡಿಸಿ ಕಲ್ಲು ನೆಟ್ಟರು.

ಖಬರಸ್ತಾನಕ್ಕೆ ಅದರದ್ದೇ ನಿಯಮಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಜನಾಝಾ ನಮಾಝಿನ ಪ್ರಶ್ನೆ ಬೇರೆ, ವಾರಸುದಾರರಿಲ್ಲದ ಮನುಷ್ಯನೊಬ್ಬನಿಗೆ ಆರಡಿ ನೆಲ ಹುಡುಕಿಕೊಡುವ ಪ್ರಶ್ನೆ ಬೇರೆ. ಯಹೂದಿಯೊಬ್ಬರ ಶವ ಹಾದುಹೋಗುವಾಗ ಪ್ರವಾದಿಯವರು(ಸ) ಎದ್ದು ನಿಂತ ಘಟನೆಯನ್ನು ಜುಮಾ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ? ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲೂ ಕರಾವಳಿಯಲ್ಲೂ ಮನೆಯವರೇ ಮುಟ್ಟಲು ಹೆದರಿದ ಶವಗಳನ್ನು ನಮ್ಮ ಹುಡುಗರು ಧರ್ಮ ನೋಡದೆ ಹೆಗಲು ಕೊಟ್ಟು ಸಾಗಿಸಿದರು, ಆಯಾ ಧರ್ಮದ ವಿಧಿಯಂತೆ ಸಂಸ್ಕಾರಕ್ಕೆ ನೆರವಾದರು. ಆ ಹುಡುಗರ ಕೆಲಸವನ್ನೂ ಸುಖಾ ಅವರ ಕತೆಯನ್ನೂ ಒಂದೇ ಪಾಠದಲ್ಲಿ ಇಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮನ್ನು ಹೊರಗಿಟ್ಟವರ ಪಟ್ಟಿಯನ್ನಷ್ಟೇ ಕಲಿತ ಮಗು, ತಾನು ಯಾರನ್ನು ಹೊರಗಿಡುತ್ತಿದ್ದೇನೆ ಎಂದು ಕೇಳಿಕೊಳ್ಳುವುದಿಲ್ಲ. ಅಂಗನವಾಡಿಯಲ್ಲಿ, ಬಿಸಿಯೂಟದ ಸಾಲಿನಲ್ಲಿ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಪಾಠಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಸಿಪಾಯಿಗಳು ಊರಿಗೆ ಬರೆದ ಕಾಗದಗಳನ್ನು ಸೇನೆಯ ಅಧಿಕಾರಿಗಳು ಒಡೆದು ಓದಿ, ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ ವರದಿ ಮಾಡುತ್ತಿದ್ದರು. ಓದುತ್ತಾರೆಂದು ಗೊತ್ತಿದ್ದ ಸಿಪಾಯಿಗಳು ಗುಟ್ಟಿನ ಭಾಷೆ ಬಳಸಿದರು. ಕರಿಮೆಣಸು ಎಂದರೆ ಭಾರತೀಯರು, ಕೆಂಪು ಮೆಣಸು ಎಂದರೆ ಗೋರಾಗಳು. ಯಾವ ಮೆಣಸು ಹೆಚ್ಚು ಖರ್ಚಾಗುತ್ತಿದೆ ಎಂದು ಬರೆದರೆ ಮನೆಯವರಿಗೆ ಅರ್ಥವಾಗುತ್ತಿತ್ತು. ತರಗತಿಯ ಮಕ್ಕಳಿಗೆ ಇಂಥದ್ದೊಂದು ಕಾಗದ ಬರೆಯಲು ಹೇಳಿ, ಹಿಂದಿನ ಬೆಂಚಿನವರೂ ಬರೆಯುತ್ತಾರೆ.

ಒಂದು ಎಚ್ಚರ ಮಾತ್ರ ಬೇಕು. ‘ನೋಡಿ, ನಾವೂ ರಕ್ತ ಸುರಿಸಿದ್ದೇವೆ’ ಎಂದು ಪ್ರಮಾಣಪತ್ರ ತೋರಿಸುವುದಕ್ಕೆ ಈ ಪಾಠ ಬಳಕೆಯಾಗಬಾರದು. ರಕ್ತದ ಲೆಕ್ಕ ಕೊಟ್ಟವರಿಗೆ ಏನು ಸಿಕ್ಕಿತು? 1919ರಲ್ಲಿ ರೌಲತ್ ಕಾಯ್ದೆ, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಅತಿ ಹೆಚ್ಚು ಸಿಪಾಯಿಗಳನ್ನು ಕೊಟ್ಟ ಪ್ರಾಂತ ಪಂಜಾಬೇ ಆಗಿತ್ತು. ಸೈನ್ಯಕ್ಕೆ ಒಬ್ಬನನ್ನೂ ಕಳಿಸದ ಮನೆಯ ಮಗುವಿಗೂ ತರಗತಿಯ ಮುಂದಿನ ಬೆಂಚಿನಲ್ಲಿ ಅಷ್ಟೇ ಹಕ್ಕಿದೆ.

ಬೆಂಗಳೂರಿನವರು ಬ್ರೈಟನ್ನಿನವರೆಗೆ ಹೋಗಬೇಕಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತು. ಅದರಲ್ಲಿ ಅರಸು ಮನೆತನದವರೂ ಇದ್ದರು, ಮುಸ್ಲಿಂ ಸವಾರರೂ ಇದ್ದರು, ಎದುರಿಗಿದ್ದದ್ದು ಉಸ್ಮಾನಿ ಸೇನೆ. ಅವರ ಸ್ಮಾರಕ ಜೆ.ಸಿ. ನಗರದಲ್ಲಿದೆ. ಶಾಲೆಯಿಂದ ಒಂದು ಶನಿವಾರ ಮಕ್ಕಳನ್ನು ಕರೆದೊಯ್ಯಿರಿ. ತುರ್ಕರ ಎದುರು ಕುದುರೆ ಓಡಿಸಿದ ಆ ಸವಾರನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿ, ಉತ್ತರಗಳನ್ನು ಬರೆದುಕೊಳ್ಳಿ. ಹಿಂದೂ ಮಕ್ಕಳೂ ಜೊತೆಗಿರಲಿ.